ಸೊನ್ನೆಯಿಂದ ಶುರುವಾದ ತಿಂಗಳು

“ಇನ್ನು ಮುಂದೆ ಈ ಮನೆ ಗೋಡೆ ಮೇಲೆ ಕ್ಯಾಲೆಂಡರ್ ನೇತಾಡಕೂಡದು!” ಎಂದು ಘೋಷಿಸಿದ ಮುಳ್ಳಪ್ಪ ಅದನ್ನು ಮೊಳೆಯಿಂದ ಕಿತ್ತು ಅಟ್ಟಕ್ಕೆ ಎಸೆದರು.

ಹುಟ್ಟಿದಾಗ ಇಟ್ಟ ಹೆಸರು ಬೇರೆ. ಬದುಕೆಲ್ಲ ಗಡಿಯಾರದ ಮುಳ್ಳು ತಿರುಗಿಸಿದ್ದಕ್ಕೆ ಬೀದಿಯವರು ಕೊಟ್ಟ ಬಿರುದು ಇದು. ರಿಪೇರಿ ಅಂಗಡಿ ನೊಣ ಹೊಡೆಯತೊಡಗಿದ ಮೇಲೆ, ಯಾವ ಗುರುವಿನ ಹಂಗೂ ಇಲ್ಲದೆ, ವಿಡಿಯೊ ನೋಡಿ ನೋಡಿಯೇ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯನ್ನು ಅರೆದು ಕುಡಿದಿದ್ದರು. ಅದರಲ್ಲೊಂದು ವೆಬ್ ಪುಟ ಕಟ್ಟಿದರು. ದಿನಾಂಕ ಕೊಟ್ಟರೆ ಸಾಕು, ಇನ್ನೆಷ್ಟು ದಿನ ಉಳಿದಿದೆ ಎಂದು ಕುಂಬಳಕಾಯಿ ಗಾತ್ರದ ಅಂಕಿಯಲ್ಲಿ ತೋರಿಸುತ್ತಿತ್ತು.

ಅದಕ್ಕೆ ಕೊಟ್ಟ ಮೊದಲ ದಿನಾಂಕ ಅಣ್ಣ ಬರುವ ದಿನದ್ದು.

ಅಪ್ಪ ಬಿಟ್ಟುಹೋದ ಗೋಡೆ ಗಡಿಯಾರ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಉರುಳಿದ್ದವು. ಈ ವರ್ಷದ ಶುರುವಿಗೆ ಅಣ್ಣನೇ ಫೋನ್ ಮಾಡಿದ್ದರು. “ಜೂನ್ ಏಳಕ್ಕೆ ಬರ್ತೀನಿ ಕಣೋ. ಗಡಿಯಾರ ನೀನೇ ಇಟ್ಕೋ. ನಿನ್ನ ಹೊಸ ಮನೆ ನಂಗೊತ್ತಿಲ್ಲ, ಬಸ್ ನಿಲ್ದಾಣದಲ್ಲಿ ಕಾದಿರು. ಫೋನ್ ಮಾಡಿ ನೆನಪಿಸೋದೆಲ್ಲ ಬೇಡ, ನನ್ನ ಮಾತು ಮಾತೇ.”

ಮುಳ್ಳಪ್ಪ ತಿಂಗಳ ಜಾಗದಲ್ಲಿ ಆರು, ದಿನದ ಜಾಗದಲ್ಲಿ ಏಳು ಒತ್ತಿದರು. ನೆನಪನ್ನೆಲ್ಲ ಪುಟಕ್ಕೆ ಒಪ್ಪಿಸಿ ತಲೆ ಖಾಲಿ ಮಾಡಿಕೊಂಡರು.

ಜೂನ್ ಬಂತು.

“ರೀ, ಭಾವ ಬರೋದು ಇದೇ ತಿಂಗಳಲ್ವಾ?”

“ಪುಟ ನೋಡೇ! ಇನ್ನೂ ಒಂದು ತಿಂಗಳ ಮೇಲಿದೆ.”

“ಜೂನ್ ಅಂದಂಗಿತ್ತಪ್ಪ...”

“ಅಡುಗೆಗೆ ಉಪ್ಪು ಹಾಕಿದ್ದೇ ನೆನಪಿರಲ್ಲ, ಕಂಪ್ಯೂಟರ್‌ಗೆ ಬುದ್ಧಿ ಹೇಳ್ತಾಳೆ!”

ಪುಟದಲ್ಲಿ ಸೊನ್ನೆ ಮೂಡಿದ ದಿನ ಇಬ್ಬರೂ ನಿಲ್ದಾಣಕ್ಕೆ ಹೋದರು. ಮುಳ್ಳಪ್ಪನವರ ತೊಡೆಯ ಮೇಲೆ ಬಟ್ಟೆ ಸುತ್ತಿದ ಅಪ್ಪನ ಗಡಿಯಾರ. ಅಣ್ಣನಿಗೇ ಕೊಟ್ಟುಬಿಡಬೇಕೆಂದು ಎಣ್ಣೆ ಬಿಟ್ಟು, ಕೀಲಿ ಕೊಟ್ಟು ತಂದಿದ್ದರು. ಅದು ಗಂಟೆಗೊಮ್ಮೆ ಢಣ್ ಢಣ್ ಎಂದು ಬಡಿದಾಗಲೆಲ್ಲ ಬೆಂಚಿನವರು ಬೆಚ್ಚಿ ದೂರ ಸರಿಯುತ್ತಿದ್ದರು. ಬಸ್ಸುಗಳು ಬಂದವು, ಹೋದವು. ಅಣ್ಣ ಇಳಿಯಲಿಲ್ಲ.

ಕೊನೆಗೆ ಫೋನ್ ಮಾಡಿದರೆ ಎತ್ತಿದ್ದು ಅತ್ತಿಗೆ. “ಅಲ್ಲಯ್ಯಾ ಮೈದುನ, ಹೋದ ತಿಂಗಳೇ ಬಂದಿದ್ರಲ್ಲ! ಫೋನೂ ಮಾಡದೆ ಸಂಜೆವರೆಗೂ ನಿಲ್ದಾಣದ ಬೆಂಚಿನ ಮೇಲೆ ಕೂತು ವಾಪಸ್ ಬಂದ್ರು. ಬಂದವರು ಅವತ್ತು ಊಟಾನೂ ಮಾಡಲಿಲ್ಲ.”

ಮನೆಗೆ ಬಂದ ಮುಳ್ಳಪ್ಪ, ಮೊದಲು ‘ಎಳೆಮಕ್ಕಳ ಪಾಠ’ವೆಂದು ಹಾರಿಸಿದ್ದ ವಿಡಿಯೊ ಹಾಕಿದರು. ಈ ಭಾಷೆಯಲ್ಲಿ ದಿನ ಒಂದರಿಂದ, ತಿಂಗಳು ಮಾತ್ರ ಸೊನ್ನೆಯಿಂದ! ಜನವರಿಯೇ ಸೊನ್ನೆ. ಅವರ ಆರು ಸದ್ದಿಲ್ಲದೆ ಜುಲೈ ಆಗಿ ಕೂತಿತ್ತು.

“ಆ ಒಂದು ಕ್ಯಾಲೆಂಡರ್ ಮೊಳೆ ನಿಮಗೇನು ಅನ್ಯಾಯ ಮಾಡಿತ್ತು ರೀ?” ಎಂದಳು ಹೆಂಡತಿ. ಮುಳ್ಳಪ್ಪ ಮತ್ತೆ ಫೋನ್ ಒತ್ತಿದರು. ಈ ಸಲ ಅಣ್ಣನೇ ಎತ್ತಿದರು.

“ಅಣ್ಣಾ, ಬೇಕಂತ ಮಾಡಿದ್ದಲ್ಲ. ಈ ಕಂಪ್ಯೂಟರ್ ಭಾಷೆಯಲ್ಲಿ ಸೊನ್ನೆಯಿಂದ ಎಣಿಸ್ತಾರೆ...”

“ಹೌದಾ?” ಅಣ್ಣ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. “ಸರಿ. ನಿನಗೆ ಎಷ್ಟು ಜನ ಅಣ್ಣಂದಿರೋ?”

“ನೀನೊಬ್ಬನೇ ಅಣ್ಣಾ.”

“ಸೊನ್ನೆಯಿಂದ ಎಣಿಸು.”

ಫೋನ್ ಕಟ್ಟಾಯಿತು.

“ಏನಂದ್ರು ಭಾವ?” ಎಂದು ಹೆಂಡತಿ ಕೇಳಿದಳು.

ಮುಳ್ಳಪ್ಪ ಬರಿ ಮೊಳೆಯನ್ನೇ ನೋಡುತ್ತ ಅಂದರು: “ಲೆಕ್ಕ ಹೇಳಿಕೊಟ್ಟ.”