ಮಾವ ಮಾಡಿದ ಮೂಗು

ನಮ್ಮ ಸೋದರಮಾವನಿಗೆ ಹುಚ್ಚಿತ್ತು ಎಂದರೆ ಅವನ ಮರ್ಯಾದೆ ಹೋಗುತ್ತದೆ. ಇರಲಿಲ್ಲ ಎಂದರೆ ನನ್ನ ಮಾತಿನ ಮರ್ಯಾದೆ ಹೋಗುತ್ತದೆ! ಬೆಟಗೇರಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಅವನ ಪ್ರಕಾರ ಜಗತ್ತಿನ ಸಕಲ ಸಂಕಟಕ್ಕೂ ಮದ್ದು ಒಂದೇ: ಚಿತ್ರ ತೆಗೆಯುವುದು. ಸಿಟ್ಟು ಬಂತೇ? ಚಿತ್ರ ತೆಗಿ. ಹೊಟ್ಟೆಕಿಚ್ಚೇ? ಬಣ್ಣ ಹಾಕಿ ತೆಗಿ. ಹೊಟ್ಟೆನೋವಿಗೂ ತೆಗೆಸುತ್ತಿದ್ದನೋ ಏನೋ, ಅಷ್ಟರಲ್ಲಿ ಅವನ ಹೆಂಡತಿ ಅಜವಾನ ತಂದುಕೊಡುತ್ತಿದ್ದಳು.

ನಾನು ರಜೆಗೆ ಅಲ್ಲಿಗೆ ಹೋಗಿದ್ದಾಗ ಒಂದು ದಿನ ಪಕ್ಕದ ಮನೆಯ ಸೊಸೆ ಅತ್ತೆಯ ಕಾಟ ತಾಳಲಾರದೆ ಅಳುತ್ತಾ ಬಂದಳು. ಮಾವ ಅವಳ ಕೈಗೆ ಇದ್ದಲಿ ಕೊಟ್ಟು ಹಿತ್ತಲ ಗೋಡೆ ತೋರಿಸಿದ.

“ನಿಮ್ಮ ಅತ್ತೀನ್ನ ಇಲ್ಲೆ ತಗಿಯವಾ. ಮನಸ್ಸು ಹಗುರಾಗತೈತಿ.”

ಆಕೆ ಎಷ್ಟು ಮನಸಾರೆ ತೆಗೆದಳೆಂದರೆ, ಹುಡುಕಿಕೊಂಡು ಬಂದ ಮುದುಕಿಗೆ ಇದು ಯಾರೆಂದು ಕೇಳುವ ಅಗತ್ಯವೇ ಬೀಳಲಿಲ್ಲ! ಮುದುಕಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ನನ್ನ ಹಲ್ಲು ಇಷ್ಟುದ್ದ ಅದಾವೇನು? ಇರಲಿ. ನತ್ತು ಯಾಕ ಬಿಟ್ಟಿ? ನಮ್ಮಪ್ಪ ಮಾಡಿಸಿದ್ದು ಅದು!” ಎಂದು ಇದ್ದಲಿ ಕಸಿದುಕೊಂಡು ಚಿತ್ರದ ಮೂಗಿಗೆ ತಾನೇ ನತ್ತು ಬರೆದಳು. ಇಬ್ಬರೂ ನಗುತ್ತಾ ಹೋದರು. ಆ ಗೋಡೆಗೆ ಸುಣ್ಣ ಹಚ್ಚಿದವಳು ಮಾತ್ರ ಮಾವನ ಹೆಂಡತಿ.

ನನಗೆ ಗಣಿತದ ಭಯ. “ಭಯಾನ ಕಾಗದದ ಮ್ಯಾಲೆ ಇಳಸು” ಎಂದ ಮಾವ. ಗಣಿತದ ಮಾಸ್ತರರಿಗೆ ಎರಡು ಕೋಡು, ಒಂದು ಬಾಲ ಇಟ್ಟು ಇಳಿಸಿದೆ. ಇಳಿಸಿದ್ದು ಎಲ್ಲಿ? ಗಣಿತದ ವಹಿಯ ಕೊನೆಯ ಪುಟದಲ್ಲಿ! ತಿದ್ದಲು ವಹಿ ಅವರ ಕೈಗೇ ಹೋಯಿತು. ಮುಂದಿನ ಸಲ ಮಾವ ಕೇಳಿದ, “ಭಯ ಹೋತಿಲ್ಲ?”

“ಎದಿಯಾಗಿಂದು ಹೋತು ಮಾವಾ. ಈಗ ಅಂಗೈಯಾಗ ಐತಿ ನೋಡು.”

ಇಂಥ ವೈದ್ಯನನ್ನು ಯಾರು ನಂಬುತ್ತಾರೆ? ಆದರೆ ಎಪ್ಪತ್ತೆಂಟರ ಆಷಾಢದಲ್ಲಿ ಲಕ್ಷ್ಮೇಶ್ವರದಿಂದ ಅವ್ವನೇ ಅವನಿಗೆ ಕಾರ್ಡು ಬರೆಸಿದಳು. ಹಿರೇವಡ್ಡಟ್ಟಿಗೆ ಕೊಟ್ಟಿದ್ದ ನಮ್ಮ ಅಕ್ಕ, ಎಂಟು ತಿಂಗಳ ಹೆಣ್ಣುಕೂಸನ್ನು ಜ್ವರದಲ್ಲಿ ಕಳೆದುಕೊಂಡು ತವರಿಗೆ ಬಂದಿದ್ದಳು. ಮಾತಿಲ್ಲ, ಅಳುವೂ ಇಲ್ಲ. ಗುಳಿಗೆ ಆಯಿತು, ತಾಯತ ಆಯಿತು. ಅವಳು ಹೀಗೇ ಉಳಿದುಬಿಟ್ಟರೆ ಗತಿಯೇನು ಎಂದು ನಮಗೆಲ್ಲ ಹೆದರಿಕೆ.

ಮಾವ ಬಣ್ಣದ ಡಬ್ಬಿ ಹೊತ್ತು ಬಂದ. ಮೂರು ದಿನ ಅಕ್ಕನ ಮುಂದೆ ಕಾಗದ ಹರಡಿದ. ಅವಳು ಕಾಗದವನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ.

“ಆತು, ನನ್ನ ವಿದ್ಯಾ ಮುಗೀತು” ಎಂದು ಅವನು ನಾನು ಗುಳ್ಳವ್ವ ಮಾಡುತ್ತಿದ್ದಲ್ಲಿ ಬಂದು ಕುಳಿತ. ಆಷಾಢದ ಮಂಗಳವಾರಗಳಲ್ಲಿ ನಾವು ಹುಡುಗಿಯರು ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಪೂಜಿಸಿ, ಮರುದಿನ ಕೆರೆಗೆ ಬಿಡುತ್ತಿದ್ದೆವು. ಬೇಸರಕ್ಕೆ ಮಾವನೂ ಮಣ್ಣಿಗೆ ಕೈ ಹಾಕಿದ. ಅಯ್ಯೋ, ಆ ಗುಳ್ಳವ್ವನ ಗತಿಯೇ! ಮೂಗು ಹಚ್ಚಿದ, ಬಿತ್ತು. ಮತ್ತೆ ಹಚ್ಚಿದ, ಗಲ್ಲಕ್ಕೆ ಜಾರಿತು. ಮೂರನೆಯ ಸಲ ಹಚ್ಚಿದ್ದು ಮೂಗೇ ಅಲ್ಲ, ಬದನೆಕಾಯಿ!

“ಕೊಡು ಇಲ್ಲೆ, ಮಾವಾ. ಹಿಂಗ ಮಾಡ್ತಾರೇನು ಯಾರರೆ?”

ಅಕ್ಕ! ಎರಡು ತಿಂಗಳ ಮೇಲೆ ಕೇಳಿದ ದನಿ. ಅವಳು ಮೂಗು ತಿದ್ದಿದಳು. ಉಳಿದ ಮಣ್ಣಿನಲ್ಲಿ ತೊಟ್ಟಿಲು ಮಾಡಿದಳು, ತೊಟ್ಟಿಲಲ್ಲಿ ಹೆಬ್ಬೆರಳಿನಷ್ಟು ಕೂಸು. ಆಮೇಲೆ ಗೋಳೋ ಎಂದು ಅತ್ತಳು. “ಅಪಶಕುನ, ಕೂಸು ಮಾಡಬ್ಯಾಡವಾ!” ಎಂದು ಅವ್ವ ಓಡಿಬಂದರೆ ಮಾವ ಅಡ್ಡ ನಿಂತ.

“ಅಳಲಿ ಬಿಡು. ಇಷ್ಟು ದಿನ ಅಳು ಬರಲಿಲ್ಲಂತನ ನಾವು ಅಳತಿದ್ವಿ.”

ಮರುದಿನ ಗುಳ್ಳವ್ವ ಕೆರೆಗೆ ಹೋದಳು. ಕೂಸನ್ನು ಅಕ್ಕ ಬಿಡಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. ಅವಳನ್ನು ಯಾರೂ ಒತ್ತಾಯಿಸಬಾರದೆಂದು ಮಾವ ತಾಕೀತು ಮಾಡಿದ. ಆಮೇಲೆ ಪ್ರತಿ ಮಂಗಳವಾರ ಬಸ್ಸು ಹಿಡಿದು ಬಂದು ಮೂಗು ಕೆಡಿಸಿದ; ಅಕ್ಕ ಬೈಯುತ್ತಾ ತಿದ್ದಿದಳು. ಆ ಬೈಗುಳ ಕೇಳಿ ಅವ್ವ ದೇವರಿಗೆ ಕೈಮುಗಿದಳು.

ಕೊನೆಯ ಗುಳ್ಳವ್ವನನ್ನು ಬಿಡುವ ದಿನ ಅಕ್ಕ ತಾನಾಗಿಯೇ ಕೆರೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಕೂಸನ್ನು ಹಣೆಗೆ ಒತ್ತಿಕೊಂಡು, “ಹೋಗಿ ಬಾ ನನ್ನವ್ವಾ” ಎಂದು ನೀರಿಗೆ ಇಳಿಸಿದಳು. ನಾನು ಮಾವನ ಕಡೆ ತಿರುಗಿದೆ. ಊರವರ ಸಂಕಟಕ್ಕೆಲ್ಲ ಮದ್ದು ಕೊಟ್ಟ ನಮ್ಮ ಮಹಾವೈದ್ಯ ದಂಡೆಯಲ್ಲಿ ಕುಳಿತು ಸಣ್ಣ ಮಕ್ಕಳಂತೆ ಅಳುತ್ತಿದ್ದ!

ಅಕ್ಕ ಒಂದು ಹಿಡಿ ಹಸಿಮಣ್ಣು ತೆಗೆದು ಅವನ ಅಂಗೈಯಲ್ಲಿ ಇಟ್ಟಳು.

“ತಗೋ ಮಾವಾ, ನೀನೂ ಒಂದು ಮೂಗು ಮಾಡು.”