ನಾಲ್ಕೂ ಗೋಡೆ ಕಾಣುವ ಫೋಟೋ

ಇಷ್ಟಕ್ಕೆಲ್ಲ ಕಾರಣ ಬ್ಯಾಂಕಿನ ಪ್ರಾದೇಶಿಕ ಕಚೇರಿಯಿಂದ ಬೆಳಿಗ್ಗೆ ಬಂದ ಪತ್ರ. "ನೀವು ಕಳಿಸಿದ ಹನ್ನೊಂದು ಫೋಟೋಗಳಲ್ಲಿ ಒಂದರಲ್ಲಿ ಫ್ಯಾನು, ಒಂದರಲ್ಲಿ ಬೀರು, ಒಂದರಲ್ಲಿ ಯಾರದೋ ಮೊಣಕೈ ಇದೆ. ಮನೆ ಎಲ್ಲೂ ಇಲ್ಲ. ಇಡೀ ಮನೆ ಕಾಣುವ ಫೋಟೋವನ್ನು ಇಂದು ನಾಲ್ಕು ಗಂಟೆಯೊಳಗೆ ಕಳಿಸತಕ್ಕದ್ದು."

ತುಮಕೂರಿನಿಂದ ವಿಜಯವಾಡಕ್ಕೆ ವರ್ಗವಾಗಿ ಬಂದ ಗುರುದತ್‌ಗೆ ಬ್ಯಾಂಕು ಹಿಡಿದುಕೊಟ್ಟ ಮನೆ ಎಂದರೆ ಗವರ್ನರ್‌ಪೇಟೆಯ ಗಲ್ಲಿಯಲ್ಲೊಂದು ಕೋಣೆ, ಅದರ ಬೆನ್ನಿಗೊಂದು ಅಡುಗೆ ಗೂಡು. ಬೀರು ತೆರೆಯಬೇಕಾದರೆ ಹೆಂಡತಿ ಹೇಮಾಕ್ಷಿ ಹೊರಗೆ ಹೋಗಿ ನಿಲ್ಲಬೇಕು. ದೊಡ್ಡ ಮನೆ ಕೊಡಿ ಎಂದು ಅರ್ಜಿ ಹಾಕಿದ್ದ. ಸಾಕ್ಷಿಗೆ ಫೋಟೋ ಬೇಕೆಂದರು. ಗೋಡೆಗೆ ಬೆನ್ನು ಒತ್ತಿ, ಬಚ್ಚಲೊಳಗೆ ನಿಂತು, ಕಿಟಕಿಗೆ ಜೋತುಬಿದ್ದು ತೆಗೆದರೂ ಒಂದು ಮೂಲೆಗಿಂತ ಹೆಚ್ಚು ಬರಲಿಲ್ಲ.

"ನಿಮ್ಮ ಕ್ಯಾಮೆರಾದ ಸೆನ್ಸರ್ ಸಣ್ಣದೈತ್ರಿ ಸರ," ಎಂದ ಸಹೋದ್ಯೋಗಿ ಚಂದ್ರಮೌಳಿ. ಹುಬ್ಬಳ್ಳಿಯವನು; ಬ್ಯಾಂಕು ಮನೆಯನ್ನೇ ಕೊಡದೆ ಎರಡು ತಿಂಗಳಿಂದ ಹೆಂಡತಿ ಮಕ್ಕಳೊಂದಿಗೆ ಲಾಡ್ಜ್‌ನಲ್ಲಿ ಸಂಸಾರ ಹೂಡಿದ್ದ. "ಹದಿನೆಂಟು ಎಂಎಂ ಲೆನ್ಸ್ ಹಾಕಿದ್ರೂ ಇಪ್ಪತ್ತೇಳರ ಗತೆ ಕಾಣ್ತೈತಿ. ಅಂಚಿಂದೆಲ್ಲಾ ಕತ್ತರಿಸಿ ಒಗೀತೈತಿ. ಇನ್ನೂ ಅಗಲ ಕಾಣೋ ಹತ್ತರ ಲೆನ್ಸ್ ತಗೋರಿ, ನಾಲ್ಕೂ ಗ್ವಾಡಿ ಒಳಗ ಬರ್ತಾವು."

ಆ ಲೆನ್ಸ್ ಕೊಳ್ಳಬೇಕೋ ಬೇಡವೋ ಎಂದು ಗುರುದತ್ ಎಂಟು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಇಂಟರ್‌ನೆಟ್ಟಿನಲ್ಲಿ ಅರ್ಧ ಜನ ಕೊಳ್ಳು ಎಂದಿದ್ದರು, ಉಳಿದರ್ಧ ಆ ಅರ್ಧವನ್ನು ಬೈದಿದ್ದರು. ಹೇಮಾಕ್ಷಿಯ ತೀರ್ಪು ಮಾತ್ರ ಸ್ಪಷ್ಟವಾಗಿತ್ತು.

"ದೊಡ್ಡ ಮನೆ ಸಿಕ್ಕಿದ್ರೆ ತಗೊಳ್ರೀ. ಸಿಗಲಿಲ್ವೋ, ಲೆನ್ಸ್ ಅನ್ನೋ ಮಾತು ಇನ್ನು ಎತ್ತಬೇಡಿ."

ಕ್ಯಾಮೆರಾ ಅಂಗಡಿಯ ಜಗನ್ಮೋಹನ್, ಸಂಜೆಯೊಳಗೆ ವಾಪಸ್ ತರುವ ಮಾತಿನ ಮೇಲೆ ಲೆನ್ಸನ್ನು ನೋಡಲು ಕೊಟ್ಟ. ಮೊದಲ ಫೋಟೋದಲ್ಲೇ ನಾಲ್ಕೂ ಗೋಡೆ ಬಂದವು. ಜೊತೆಗೆ ಗುರುದತ್‌ನ ಸ್ವಂತ ಕಾಲ್ಬೆರಳುಗಳೂ, ಬಾಗಿಲ ಮರೆಯಲ್ಲಿ ಅವಿತಿದ್ದ ಚಂದ್ರಮೌಳಿಯ ಹೊಟ್ಟೆಯೂ ಬಂದವು.

ಅಷ್ಟರಲ್ಲಿ ಮಹಡಿಯಿಂದ ಮನೆಯ ಒಡತಿ ಅನ್ನಪೂರ್ಣಮ್ಮ ರೇಷ್ಮೆ ಸೀರೆಯುಟ್ಟು ಇಳಿದರು. ತಮ್ಮ ಮನೆಯ ಫೋಟೋದಲ್ಲಿ ತಾವಿಲ್ಲದಿದ್ದರೆ ಹೇಗೆ ಎಂಬುದು ಅವರ ವಾದ. ಅಂಚಿನಲ್ಲಿ ನಿಂತರು, ಲೆನ್ಸು ಅವರ ಕೈಯನ್ನು ತೊಲೆಯಷ್ಟು ಉದ್ದ ಎಳೆಯಿತು. ಆಕೆ ಕೆಂಡವಾದರು. ಸರಿ, ಎದುರು ಗೋಡೆಗೆ ಒರಗಿಸಿ ನಟ್ಟನಡುವೆ ನಿಲ್ಲಿಸಿದಾಗ ಕೊಂಡಪಲ್ಲಿ ಬೊಂಬೆಯಷ್ಟು ಪುಟ್ಟದಾಗಿ, ಸಣ್ಣಗೆ ಬಂದರು. ಮೂವತ್ತು ವರ್ಷದಿಂದ ತಾವು ಇಷ್ಟು ತೆಳ್ಳಗೆ ಕಂಡಿರಲಿಲ್ಲವೆಂದು, ಕಳಿಸುವುದಾದರೆ ಇದನ್ನೇ ಕಳಿಸಬೇಕೆಂದು ತೆಲುಗಿನಲ್ಲಿ ಅಪ್ಪಣೆ ಕೊಟ್ಟರು.

ಗಂಟೆ ಮೂರೂಮುಕ್ಕಾಲು. ವಾದಿಸಲು ವ್ಯವಧಾನವಿರಲಿಲ್ಲ. ಚಂದ್ರಮೌಳಿ ಸ್ಕೂಟರಿನಲ್ಲಿ ಬ್ಯಾಂಕಿಗೆ ಓಡಿ ಅದನ್ನೇ ಮೇಲ್ ಮಾಡಿದ. ಗುರುದತ್ ಲೆನ್ಸನ್ನು ಮೃದುವಾಗಿ ಒರೆಸುತ್ತ, ಅದು ಆಗಲೇ ತನ್ನದಾಯಿತೆಂಬ ಖುಷಿಯಲ್ಲಿ ಕೂತ.

ಬ್ಯಾಂಕಿನ ಚರಿತ್ರೆಯಲ್ಲೇ ಮೊದಲ ಸಲ ಅರ್ಜಿಗೆ ಅದೇ ದಿನ ಉತ್ತರ ಬಂತು. ಆರು ಗಂಟೆಗೆ ಪ್ರಾದೇಶಿಕ ಕಚೇರಿಯ ದುರ್ಗಾಪ್ರಸಾದ್ ಫೋನ್ ಮಾಡಿದರು.

"ಗುರುದತ್ ಗಾರು, ಇಷ್ಟು ದೊಡ್ಡ ಹಾಲ್ ನಮ್ಮ ಆಫೀಸಲ್ಲೂ ಇಲ್ಲವಲ್ಲರೀ. ಆ ತುದಿಯಲ್ಲಿ ಯಾರೋ ಹೆಂಗಸು ನಿಂತಿದ್ದಾರೆ, ದೂರಕ್ಕೆ ಮುಖವೇ ಕಾಣಲ್ಲ. ಅರ್ಜಿ ತಿರಸ್ಕಾರ ಆಗಿದೆ. ಇನ್ನೊಂದು ಆರ್ಡರೂ ಹೊರಟಿದೆ, ಇವತ್ತೇ ಬರುತ್ತೆ."

"ಸರ್, ಅದು ಲೆನ್ಸಿನ ದೋಷ ಸರ್."

"ಲೆನ್ಸ್ ಚೆನ್ನಾಗಿಯೇ ಇದೆಯಲ್ಲ," ಎಂದು ಅವರು ಫೋನಿಟ್ಟರು.

ಹೇಮಾಕ್ಷಿ ಲೆನ್ಸನ್ನು ಡಬ್ಬಿಗೆ ಹಾಕಿ ಗಂಡನ ಕೈಗಿತ್ತಳು. ಅವನಿಗೆ ಅಳುವೇ ಬಂತು. ಹಿಂತಿರುಗಿಸಿ ಬರೋಣವೆಂದು ಬಾಗಿಲು ತೆರೆದರೆ, ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಇಬ್ಬರು ಮಕ್ಕಳ ನಡುವೆ ಚಂದ್ರಮೌಳಿ ನೆಲ ನೋಡುತ್ತ ನಿಂತಿದ್ದ.

"ಆರ್ಡರ್ ಬಂತ್ರಿ ಸರ. ನಮಗ ಮನಿ ಸಿಗೋತನಕ ನಿಮ್ಮ ಜೋಡೀನ ಇರಬೇಕಂತ."

ಅವನ ಹಿಂದಿದ್ದ ಹೆಂಡತಿ ಗಿರಿಜಾ ಕತ್ತು ಚಾಚಿ ಕೋಣೆಯನ್ನೊಮ್ಮೆ ಆ ಕಡೆಯಿಂದ ಈ ಕಡೆಗೆ ನೋಡಿದಳು.

"ಅಕ್ಕಾರ, ಫೋಟೋದಾಗಿನ ಆ ದೊಡ್ಡ ಹಾಲಿಗೆ ಹೋಗೋ ಬಾಗಿಲಾ ಯಾವ ಕಡೆ ಐತ್ರಿ?"