ಮೂರು ಸಲ ಬಿಚ್ಚಿದ ಕುರ್ಚಿ

"ನಿಮ್ಮದೊಂದು ವೆಬ್‌ಸೈಟ್ ಇದೆಯಂತಲ್ಲಾ, ಮಧ್ಯಾಹ್ನದ ಮೇಲೆ ನೋಡ್ತೀನಿ. ನಂಬಿಕೆ ಬಂದ್ರೆ ಕೆಲಸ ನಿಮಗೇ," ಎಂದು ಗ್ರಂಥಾಲಯದ ಮೇಡಂ ಫೋನಿನಲ್ಲಿ ಹೇಳಿದ್ದೇ ತಡ, ಅಲ್ಲಿಯ ತನಕ ನೆಮ್ಮದಿಯಾಗಿ ಒಂದು ಸೋಫಾದ ಹೊಟ್ಟೆ ಬಗೆಯುತ್ತಾ ಕೂತಿದ್ದ ದಬ್ಬಣ ಎದ್ದು ನಿಂತ. ಆಮೇಲೆ ಸಂಜೆಯ ತನಕ ಅವನು ಕೂರಲೇ ಇಲ್ಲ.

ಹರಿದ ಕುರ್ಚಿ, ಸೋಫಾಗಳಿಗೆ ಹೊಸ ಬಟ್ಟೆ ಹೊಲಿಯುವುದು ಅವನ ಕಸುಬು. ಕೈಯಲ್ಲಿ ಸದಾ ಗೇಣುದ್ದದ ದಬ್ಬಣ ಹಿಡಿದಿರುತ್ತಿದ್ದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಗ್ರಂಥಾಲಯದ ಓದುವ ಕೋಣೆಯ ಕುರ್ಚಿಗಳಷ್ಟೂ ಸಿಕ್ಕರೆ ಅವನ ಅಂಗಡಿ ಉಳಿಯುತ್ತಿತ್ತು. ಸಿಗದಿದ್ದರೆ ಬಾಗಿಲು ಮುಚ್ಚಿ, ಸೋಮವಾರದಿಂದ ಭಾಮೈದನ ಹಾಸಿಗೆ ಅಂಗಡಿಯಲ್ಲಿ ಗಿರಾಕಿಗಳಿಗೆ ದಿಂಬು ಒತ್ತಿ ತೋರಿಸಬೇಕಿತ್ತು. ಭಾಮೈದ ಈಗಾಗಲೇ ಒಂದು ಸ್ಟೂಲು ತೆಗೆದಿಟ್ಟಿದ್ದ. ಬಂದಾಗಲೆಲ್ಲ, "ಭಾವ, ಸ್ಟೂಲು ನಿಮಗೇ ಕಾಯ್ತಾ ಇದೆ," ಎಂದು ನಗುತ್ತಲೂ ಇದ್ದ.

ದಬ್ಬಣನಿಗೆ ವೆಬ್‌ಸೈಟ್ ಇದ್ದದ್ದು ನಿಜ. ಪಕ್ಕದ ಫೋಟೋ ಸ್ಟುಡಿಯೋದವನು ಹಿಂದೊಮ್ಮೆ ಪುಕ್ಕಟೆಯಾಗಿ ಮಾಡಿಕೊಟ್ಟಿದ್ದ. ಅದರಲ್ಲಿ ಅಂಗಡಿಯ ವಿಳಾಸ, ಸ್ವಲ್ಪ ಓರೆಯಾಗಿ ನಿಂತ ಕುರ್ಚಿಯ ಚಿತ್ರ, ಕೆಳಗೆ 'ಗಿರಾಕಿಗಳ ಅಭಿಪ್ರಾಯ' ಎಂಬಲ್ಲಿ ಒಂದೇ ಒಂದು ಅಭಿಪ್ರಾಯ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಅವನ ಹೊಟ್ಟೆ ಉರಿಯುತ್ತಿತ್ತು.

"ಒಂದು ಕುರ್ಚಿಗೆ ಒಂದು ತಿಂಗಳು! ಮೂರು ಸಲ ಹೊಲಿದ, ಮೂರು ಸಲ ತಾನೇ ಬಿಚ್ಚಿದ. ಯಾಕಪ್ಪಾ ಅಂದ್ರೆ ಅಂಚು ಸರಿ ಬಂದಿಲ್ಲ ಅಂತ ಗುರ್ ಅಂತಾನೆ. ನನ್ನ ಕಣ್ಣಿಗೆ ಸರಿಯಾಗೇ ಇತ್ತು. ಕುರ್ಚಿಯೇನೋ ಕಲ್ಲಿನ ಹಾಗೆ ಗಟ್ಟಿ, ಹರಿದು ಹೋಗಿದ್ದು ನನ್ನ ತಾಳ್ಮೆ. ಇಂತಿ, ನೊಂದ ಗಿರಾಕಿ."

ಆ ನೊಂದ ಗಿರಾಕಿ ಯಾರೆಂದು ದಬ್ಬಣನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಗೊತ್ತಾಗುವುದೂ ಕಷ್ಟ, ಏಕೆಂದರೆ ಎಲ್ಲರ ಕುರ್ಚಿಯನ್ನೂ ಅವನು ಮೂರು ಸಲ ಬಿಚ್ಚುತ್ತಿದ್ದ.

ಅವನು ಓಡಿದ್ದು ಸ್ಟುಡಿಯೋಗೆ. ಅಲ್ಲಿ ಮಹಡಿ ಮೇಲಿನ ನಿವೃತ್ತ ಗುಮಾಸ್ತರು ಪೇಪರು ಓದುತ್ತಾ ಕೂತಿದ್ದರು. ಜಗತ್ತಿನಲ್ಲಿ ಅವರಿಗೆ ತಿಳಿಯದ ವಿಷಯವಿರಲಿಲ್ಲ, ಕೇಳಿದವರೂ ಯಾರೂ ಇರಲಿಲ್ಲ. ಇವತ್ತು ಕೇಳುವವನೊಬ್ಬ ತಾನಾಗಿ ಬಂದಿದ್ದ.

"ವೆಬ್‌ಸೈಟನ್ನ ಜನ ಯಾವಾಗ ನಂಬ್ತಾರೆ ಗೊತ್ತೇನಯ್ಯಾ?" ಗುಮಾಸ್ತರು ಕನ್ನಡಕ ಹಣೆಗೇರಿಸಿದರು. "ನಾಲ್ಕು ಜನ ಹೊಗಳಿದ್ರೆ. ನಿನ್ನನ್ನ ಹೊಗಳಿದೋರು ಎಷ್ಟು ಜನ?"

"ಒಬ್ಬ ಬೈದಿದಾನೆ."

"ಮೊದ್ಲು ಅದನ್ನ ಕಿತ್ತಾಕು!"

ಸ್ಟುಡಿಯೋದವನು ಕಿತ್ತುಹಾಕಿದ. ಆ ಕ್ಷಣ ದಬ್ಬಣನಿಗೆ ಕಾಲಿಗೆ ಚುಚ್ಚಿದ್ದ ಮುಳ್ಳು ತೆಗೆದಷ್ಟು ಹಗುರವಾಯಿತು. ಮುಂದಿನ ಕೆಲಸ ಶುರುವಾಯಿತು. ಗುಮಾಸ್ತರು ಹೊಗಳಿಕೆ ಹೇಳುತ್ತಾ ಹೋದರು, ಸ್ಟುಡಿಯೋದವನು ಬಗೆಬಗೆಯ ಹೆಸರಿನಲ್ಲಿ ಬರೆಯುತ್ತಾ ಹೋದ. ಒಬ್ಬ ನ್ಯಾಯಾಧೀಶರಿಗೆ ಈ ಕುರ್ಚಿಯಲ್ಲಿ ಕೂತ ಮೇಲೆ ಬೆನ್ನುನೋವು ಮಾಯವಾಯಿತು. ಒಬ್ಬ ವಿಮಾನ ಚಾಲಕ ಆಕಾಶದಲ್ಲೂ ದಬ್ಬಣನ ಸೋಫಾ ನೆನೆಸಿಕೊಂಡ. ಪರದೇಶದ ಹೆಂಗಸೊಬ್ಬಳು, "ಸೋಫಾ ನೋಡಿ ನಮ್ಮ ಯಜಮಾನರು ಆನಂದಬಾಷ್ಪ ಸುರಿಸಿದರು," ಎಂದಳು.

"ಸಾರ್, ಸ್ವಲ್ಪ ಜಾಸ್ತಿ ಆಯ್ತಲ್ವಾ?" ದಬ್ಬಣ ಬಾಗಿಲಿಗೂ ಮೇಜಿಗೂ ಓಡಾಡುತ್ತಾ ಕೇಳಿದ.

"ಸುಮ್ನಿರಯ್ಯ, ಇದು ಸಾಲದು. ಆ ಸೊಟ್ಟ ಕುರ್ಚಿ ತೆಗಿ, ಅರಮನೆ ಸೋಫಾದ್ದೊಂದು ಚಿತ್ರ ಹಾಕು."

ಅರಮನೆ ಸೋಫಾವೂ ಎಲ್ಲಿಂದಲೋ ಬಂತು. 'ನೂರಕ್ಕೆ ನೂರು ನಂಬಿಕಸ್ತ' ಎಂಬ ಚಿನ್ನದ ಬಣ್ಣದ ಮುದ್ರೆಯೂ ಬಿತ್ತು. ಮುದ್ರೆ ಒತ್ತಿದವರು ಯಾರು ಎಂದು ದಬ್ಬಣ ಕೇಳಿದ. "ನಾನೇ," ಎಂದ ಸ್ಟುಡಿಯೋದವನು.

ಅಷ್ಟಾದರೂ ದಬ್ಬಣನ ಕಣ್ಣು ಬೀದಿಯಾಚೆಗೇ ಹೋಗುತ್ತಿತ್ತು. ಅಲ್ಲಿ ಟಪಟಪನ ಅಂಗಡಿ. ಅವನದೂ ಇದೇ ಕಸುಬು, ಆದರೆ ಸೂಜಿ ದಾರ ಮುಟ್ಟುವವನಲ್ಲ. ಪಿನ್ನು ಹೊಡೆಯುವ ಮೆಷಿನ್ನಿನಿಂದ ಟಪಟಪ ಹೊಡೆದು ಸಂಜೆಯೊಳಗೆ ಕುರ್ಚಿ ಕೈಗಿಡುತ್ತಿದ್ದ. ಮೇಡಂ ಅವನ ಸೈಟನ್ನೂ ನೋಡುತ್ತಾರಂತೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದಾದ ಅಭಿಪ್ರಾಯದ ಜಾಗ ಖಾಲಿಯಿತ್ತು.

"ಅವನದು ಖಾಲಿ ಯಾಕಿರಬೇಕು?" ಎಂದರು ಗುಮಾಸ್ತರು. "ನಿನ್ನ ಬೈದಿದ್ನಲ್ಲ ನೊಂದ ಗಿರಾಕಿ, ಅವನನ್ನ ಬೀದಿ ದಾಟಿಸು."

ದಬ್ಬಣನಿಗೆ ಅದು ತಪ್ಪು ಅಂತ ಗೊತ್ತಿತ್ತು. ಆದರೆ ಭಾಮೈದನ ಸ್ಟೂಲು ಕಣ್ಣ ಮುಂದೆ ಬಂದು ನಿಂತಿತು. ಆ ಬೈಗುಳ ಅವನಿಗೆ ಬಾಯಿಪಾಠವಾಗಿತ್ತು, ತಾನೇ ಕೀಲಿಮಣೆ ಕುಟ್ಟಿದ. "ಕುರ್ಚಿಯೇನೋ ಕಲ್ಲಿನ ಹಾಗೆ ಗಟ್ಟಿ" ಎಂಬಲ್ಲಿಗೆ ಬಂದಾಗ ಗುಮಾಸ್ತರು ತಡೆದರು.

"ಅದನ್ನ ಬಿಡು. ಬೈಯೋವಾಗ ಹೊಗಳೋದ್ಯಾಕೆ?"

ಬಿಡಲು ಅವನ ಕೈ ಒಪ್ಪಲಿಲ್ಲ. ಇಷ್ಟು ವರ್ಷಕ್ಕೆ ಅವನ ಕೆಲಸದ ಬಗ್ಗೆ ಯಾರಾದರೂ ಬರೆದ ಒಳ್ಳೆಯ ಮಾತೆಂದರೆ ಅದೊಂದೇ. "ಇರ್ಲಿ ಬಿಡಿ ಸಾರ್," ಎಂದು ಗೊಣಗಿ ಹಾಗೆಯೇ ಕಳಿಸಿಬಿಟ್ಟ.

ಮಧ್ಯಾಹ್ನ ಊಟ ಸೇರಲಿಲ್ಲ. ದಬ್ಬಣ ಗಳಿಗೆಗೊಮ್ಮೆ ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದ. ಹೆಂಡತಿ, "ಏನ್ರೀ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತೀರಿ, ಕೂತ್ಕೊಳ್ಳಿ," ಎಂದಳು. ಕೂರಲು ಅಂಗಡಿಯಲ್ಲಿ ಹೊಟ್ಟೆ ಬಗೆದ ಸೋಫಾ ಬಿಟ್ಟರೆ ಬೇರೇನೂ ಇರಲಿಲ್ಲ.

ಸಂಜೆ ಮೇಡಂ ಫೋನ್ ಮಾಡಲಿಲ್ಲ, ತಾವೇ ಬಂದರು. ಬಂದವರು ನೆಟ್ಟಗೆ ಟಪಟಪನ ಅಂಗಡಿ ಹೊಕ್ಕರು. ದಬ್ಬಣ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ. ಒಳಗೆ ಟಪಟಪ ಎರಡೂ ಕೈ ಜೋಡಿಸುವುದು ಕಂಡಿತು. ಆಮೇಲೆ ಮೇಡಂ ಬೀದಿ ದಾಟಿ ಇತ್ತ ಬಂದರು.

"ಹೇಳದೆ ಹೋಗೋಕೆ ಮನಸ್ಸಾಗ್ಲಿಲ್ಲ," ಎಂದರು. "ಯಾವ ಸೈಟ್ ನಂಬಬೇಕು, ಯಾವುದು ನಂಬಬಾರದು ಅಂತ ಗ್ರಂಥಾಲಯಕ್ಕೆ ಬರೋ ಮಕ್ಕಳಿಗೆ ನಾನೇ ಪಾಠ ಮಾಡ್ತೀನಿ. ನಿಮ್ಮ ಸೈಟನ್ನ ಇನ್ಮೇಲೆ ಪಾಠಕ್ಕೆ ಬಳಸ್ಕೋತೀನಿ."

ದಬ್ಬಣನ ಮುಖ ಅರಳಿತು.

"ನಂಬಬಾರದ್ದಕ್ಕೆ," ಎಂದು ಮೇಡಂ ಮುಗಿಸಿದರು. "ಅಷ್ಟೂ ಜನ ಇವತ್ತೇ ಹೊಗಳಿದಾರೆ, ಎಲ್ಲಾ ಒಂದೇ ಧಾಟೀಲಿ. ನ್ಯಾಯಾಧೀಶರಿಂದ ಪರದೇಶದ ಅಮ್ಮನ ತನಕ ಎಲ್ಲರದೂ ಒಂದೇ ಬಾಯಿ. ಆ ಸೋಫಾ ಚಿತ್ರ ಹುಡುಕಿದ್ರೆ ಇನ್ನೆಷ್ಟೋ ಅಂಗಡಿಗಳ ಪುಟದಲ್ಲೂ ಅದೇ ಇದೆ. ಎದುರಿನೋರದು ನೋಡಿ, ಒಂದೇ ಅಭಿಪ್ರಾಯ. ಅದೂ ಬೈದಿರೋದು."

"ಬೈದಿರೋದು ನೋಡಿಯೂ ಅವನಿಗೆ ಕೊಟ್ರಾ?"

"ಬೈದಿರೋದು ನೋಡೇ ಕೊಟ್ಟಿದ್ದು! ಯಾರೂ ಹೇಳದೆ ತಾನೇ ಮೂರು ಸಲ ಬಿಚ್ಚಿ ಹೊಲಿಯೋ ಮನುಷ್ಯ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ? ಅದೂ ಇವತ್ತೇ ಬಿದ್ದಿದ್ದು ನೋಡಿ, ಯಾರೋ ಆಗದವರು ಬರೆಸಿದ್ದೇನೋ ಅಂತ ನನಗೂ ಅನುಮಾನ ಬಂತು. ಆದ್ರೆ ಆಗದವರು 'ಕುರ್ಚಿ ಕಲ್ಲಿನ ಹಾಗೆ ಗಟ್ಟಿ' ಅಂತ ಬರೀತಾರೇನ್ರೀ? ಆ ಒಂದು ಸಾಲಿಗೇ ನಂಬಿಕೆ ಬಂತು."

ದಬ್ಬಣ ಮೇಡಂಗೆ ಅಡ್ಡ ಬಂದು ನಿಂತ. ಮಾನ ಹೋದರೂ ಹೋಗಲಿ ಎಂದು ಒದರಿಬಿಟ್ಟ.

"ಮೇಡಂ, ಅದು ಅವನಲ್ಲ, ನಾನು! ಆ ಬೈಗುಳ ನಂದು! ನನ್ನ ಪುಟದಲ್ಲಿತ್ತು, ಇವತ್ತು ನಾನೇ ಕಿತ್ತು ಅಲ್ಲಿ ಹಾಕ್ದೆ!"

ಮೇಡಂ ಅವನನ್ನು ಕನಿಕರದಿಂದ ನೋಡಿದರು. "ಇದಕ್ಕೇನು ಆಧಾರ?"

"ಆಧಾರ... ಕಿತ್ತುಹಾಕಿದ್ನಲ್ಲ ಮೇಡಂ."

"ಬೇರೆಯವರಿಗೆ ಸಿಕ್ಕ ಬೈಗುಳಾನೂ ತನ್ನದು ಅನ್ನೋರನ್ನ ಇವತ್ತೇ ನೋಡಿದ್ದು," ಎನ್ನುತ್ತಾ ಮೇಡಂ ಹೊರಟುಹೋದರು.

ಒಳಗಿಂದ ಹೆಂಡತಿ ಫೋನು ಹಿಡಿದು ಸಂಭ್ರಮದಿಂದ ಬಂದಳು. "ನನ್ನ ತಮ್ಮ ಮಾಡಿದ್ದ ಕಣ್ರೀ! ನಿಮ್ಮ ಸೈಟ್ ನೋಡಿ ದಂಗಾಗಿ ಹೋಗಿದಾನೆ. ನ್ಯಾಯಾಧೀಶರೇ ಹೊಗಳೋ ಭಾವನ್ನ ಸ್ಟೂಲ್ ಮೇಲೆ ಕೂರಿಸೋದು ಪಾಪ ಅಂತ, ಬೇರೆಯವರನ್ನ ಕೆಲಸಕ್ಕೆ ಇಟ್ಕೊಂಡನಂತೆ!"

ಆ ಸೈಟನ್ನು ನಂಬಿದವನು ಲೋಕದಲ್ಲಿ ಒಬ್ಬನೇ ಒಬ್ಬ, ಅವನೂ ಭಾಮೈದನೇ ಆಗಬೇಕಿತ್ತು. ದಬ್ಬಣ ಬೆಳಗಿನಿಂದ ಮೊದಲ ಸಲ ಕೂತ, ಸೋಫಾದ ಬಗೆದ ಹೊಟ್ಟೆಯೊಳಕ್ಕೇ.

ಅಲ್ಲಿಂದ ಅವನು ಏಳಲು ಒದ್ದಾಡುತ್ತಿರುವಾಗ ಟಪಟಪ ಬಂದ. ಮುಖ ಬಿಳಿಚಿಕೊಂಡಿತ್ತು.

"ಅಣ್ಣಾ, ಒಂದು ಫಜೀತಿ ಆಗಿದೆ. ಯಾರೋ ಪುಣ್ಯಾತ್ಮ ನನ್ನ ಬಗ್ಗೆ ಏನೋ ಬರೆದುಬಿಟ್ಟಿದಾನೆ. ಯಾರು ಅಂತ ಗೊತ್ತಾದ್ರೆ ಕಾಲಿಗೆ ಬೀಳ್ತಿದ್ದೆ. ಆದ್ರೆ ಆ ಮೇಡಂ ಈಗ ಪ್ರತಿ ಕುರ್ಚೀನೂ ಕೈಯಲ್ಲೇ ಹೊಲೀಬೇಕು, ಅಂಚು ತಾನೇ ನೋಡ್ತೀನಿ ಅಂತಾರೆ. ನಂಗೆ ಸೂಜಿ ಹಿಡಿಯೋಕೆ ಬರಲ್ಲ. ಸೋಮವಾರದಿಂದ ನನ್ನ ಹತ್ರ ಕೆಲಸಕ್ಕೆ ಬರ್ತೀಯಾ?"

ದಬ್ಬಣ ಕೈ ಮುಂದೆ ಚಾಚಿದ. ಟಪಟಪ ಅವನ ಕೈ ಹಿಡಿದು ಸೋಫಾದೊಳಗಿಂದ ಎಬ್ಬಿಸಿದ.

"ಒಂದೇ ಮಾತು ಅಣ್ಣಾ, ಬೇಜಾರು ಮಾಡ್ಕೋಬೇಡ," ಎಂದ. "ಮೂರು ಮೂರು ಸಲ ಬಿಚ್ಚೋ ಚಾಳಿ ಮಾತ್ರ ನನ್ನ ಅಂಗಡೀಲಿ ನಡೆಯಲ್ಲ."